ಒಂದೇ ಕೈಯಲ್ಲಿ

"ಕೈ ಹೋದ್ಮೇಲೆ ಬಾಯಿ ಬಂತು ನೋಡು ಈ ಮುಂಡೇದಕ್ಕೆ!"

ಕಾರ್ಖಾನೆಯ ಮ್ಯಾನೇಜರ್ ಹೀಗೆ ಅಂದದ್ದು ಮಿಂಚಕ್ಕ ಕೂತಿದ್ದ ಕುರ್ಚಿಯ ಕಾಲಿಗೆ ಬೂಟಿನಿಂದ ಒದೆಯುತ್ತ. ಅವಳು ಹೇಳಿದ್ದಾದರೂ ಏನು? "ಮೆಷಿನ್ ಬಟನ್ ನಾನು ಕಟ್ಟಿರ್ಲಿಲ್ಲ ಸಾರ್" ಅಂತ, ಅದೂ ತಲೆ ತಗ್ಗಿಸಿಕೊಂಡು. ಅವಳಿಗೆ ಮಿಂಚು ಅಂತ ಹೆಸರಿಟ್ಟವನೂ ಇದೇ ಮ್ಯಾನೇಜರ್. ತಗಡು ಒತ್ತುವ ಶೆಡ್ಡಿನ ಹದಿನಾಲ್ಕು ಹೆಂಗಸರಲ್ಲಿ ಅಷ್ಟು ಚುರುಕಿನ ಕೈ ಇನ್ನೊಂದಿರಲಿಲ್ಲ. ಈಗ ಮಣಿಕಟ್ಟಿನಾಚೆ ಎಡಗೈಯೇ ಇಲ್ಲ, ಹೆಸರು ಮಾತ್ರ ಹಾಗೇ ಉಳಿದಿದೆ.

"ಇವಳೇ ಕದ್ದು ಕಟ್ಕೊಂಡಿದ್ಲು ಅಂತ ತನಿಖೇಲಿ ಬರ್ದಾಗಿದೆ." ಮ್ಯಾನೇಜರ್ ಬಿಳಿ ಕೋಟಿನವಳ ಕಡೆ ತಿರುಗಿದ. "ನೋಡು, ಶುಕ್ರವಾರಕ್ಕೆ ನಂಗೆ ರಿಪೋರ್ಟ್ ಬೇಕು. ಫಿಟ್ ಅಂತ ಬರಿ, ಬಂದು ಗೇಯ್ಲಿ. ಇಲ್ಲಾಂದ್ರೆ ಮನೇಲಿ ಬಿದ್ದಿರ್ಲಿ. ಕುಂತಲ್ಲೇ ಕೂಳು ಹಾಕೋಕೆ ನಾನೇನು ಇವಳ ಗಂಡನಾ?"

ಬಿಳಿ ಕೋಟಿನವಳು ಫೈಲು ಬಿಚ್ಚಿದಳು. ಅವಳ ಕೋಣೆಯ ಬಾಗಿಲ ಮೇಲೆ 'ಔದ್ಯೋಗಿಕ ಚಿಕಿತ್ಸೆ' ಅಂತ ಬರೆದಿತ್ತು. ಬರುವವರಿಗೆ ಅದು ಬಾಯಿಗೆ ಸಿಗುತ್ತಿರಲಿಲ್ಲ, ಹಾಗಾಗಿ ಅವಳು ಎಲ್ಲರಿಗೂ ಕೈ ಮೇಡಂ. ಪೆಟ್ಟು ತಿಂದವರಿಗೆ ಮತ್ತೆ ಗುಂಡಿ ಹಾಕಿಕೊಳ್ಳುವುದು, ತಲೆ ಬಾಚಿಕೊಳ್ಳುವುದು, ಚಮಚ ಹಿಡಿಯುವುದನ್ನು ಕಲಿಸುವುದು ಅವಳ ವಿದ್ಯೆ. ಯಾರು ಯಾವ ಕೆಲಸಕ್ಕೆ ಮರಳಬಹುದು ಅಂತ ಬರೆದುಕೊಡುವುದು ಅವಳ ನೌಕರಿ. ವಿದ್ಯೆಗೂ ನೌಕರಿಗೂ ದಿನಾ ಜಟಾಪಟಿ ನಡೆಯುತ್ತಿತ್ತು, ಗೆಲ್ಲುತ್ತಿದ್ದದ್ದು ನೌಕರಿಯೇ. ಆ ಕೇಂದ್ರ ನಡೆಯುತ್ತಿದ್ದದ್ದೇ ಕಾರ್ಖಾನೆಯ ಗುತ್ತಿಗೆಯ ಮೇಲೆ.

"ಇನ್ನೂ ತುಂಬ ನೋವಿದೆ ಸಾರ್. ಎರಡು ತಿಂಗಳಾದ್ರೂ..."

"ಇಲ್ದಿರೋ ಕೈಗೆ ಎಂಥಾ ನೋವೇ? ನಿಮ್ಮಪ್ಪ ನಮ್ಮ ಗೋಡೌನಲ್ಲಿ ಮೂಟೆ ಹೊತ್ತು ಸೊಂಟ ಮುರ್ಕೊಂಡ. ಅವನಿಗೆ ಯಾರು ರಿಪೋರ್ಟ್ ಬರ್ದಿದ್ರು? ಬಿಳಿ ಕೋಟು ಹಾಕ್ಕೊಂಡ್ರೆ ಏನಾಯ್ತು, ಒಳಗಿರೋ ಬೆನ್ನು ಅವನ್ದೇ. ಬಗ್ಗೋದು ಕಲಿ."

ಅವಳು ಬಗ್ಗದೆ ಇದ್ದದ್ದಾದರೂ ಯಾವಾಗ? ಕಪಾಟಿನಲ್ಲಿ ನಲವತ್ತೊಂದು ಫೈಲುಗಳಿದ್ದವು, ನಲವತ್ತೊಂದರಲ್ಲೂ 'ಫಿಟ್' ಅಂತ ಅವಳದೇ ಅಕ್ಷರ. ಅದರಲ್ಲೊಂದು ಶಿಳ್ಳೆಯಣ್ಣನದು. ಬಲಗೈ ಜಜ್ಜಿಹೋಗಿದ್ದ ಅವನಿಗೆ ಮೂರನೇ ವಾರಕ್ಕೇ ಸಹಿ ಹಾಕಿ ಕಳಿಸಿದ್ದಳು. ಎರಡು ತಿಂಗಳಿಗೆ ಅವನು ಮತ್ತೆ ಬಂದ. ಬಾಗಿಲಿನ ಹಿಡಿ ತಿರುಗಿಸಲಾಗದೆ ಮೊಣಕೈಯಿಂದ ತಟ್ಟಿದ. ತೆರೆದರೆ, "ಈಗ ಎರಡೂ ಸಮ ಆಯ್ತು ನೋಡಿ ಮೇಡಂ" ಅಂತ ನಕ್ಕ. ಆಮೇಲೆ ಅವನು ಬರಲಿಲ್ಲ. ಎಲ್ಲಿ ಹೋದನೆಂದು ಯಾರಿಗೂ ಗೊತ್ತಿಲ್ಲ. ಆ ಸದ್ದು ಮಾತ್ರ ಬರುತ್ತಲೇ ಇತ್ತು. ಊಟದ ಡಬ್ಬಿ ಬಿಚ್ಚಿದಾಗ, ಕೈ ತೊಳೆಯುವಾಗ, ಮೂಳೆ ಮರಕ್ಕೆ ತಾಗಿದ ಮೆತ್ತನೆಯ ಸದ್ದು. ಎಷ್ಟೋ ಸಲ ಎದ್ದು ಬಾಗಿಲು ತೆರೆದಿದ್ದಳು. ಓಣಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಮ್ಯಾನೇಜರ್ ಹೋದ ಮೇಲೆ ಮೇಡಂ ಕನ್ನಡಿಯ ಪೆಟ್ಟಿಗೆ ತೆಗೆದಳು. ಅದು ಅವಳೇ ಕೈಯಿಂದ ದುಡ್ಡು ಹಾಕಿ ಮಾಡಿಸಿದ್ದು. ಎಡ ಮೋಟನ್ನು ಕನ್ನಡಿಯ ಹಿಂದೆ ಅಡಗಿಸಿ, ಬಲಗೈಯನ್ನು ಮುಂದೆ ಇಟ್ಟರೆ ಕನ್ನಡಿಯಲ್ಲಿ ಎಡಗೈ ಮರಳಿ ಬಂದಂತೆ ಕಾಣುತ್ತದೆ. ಬಲಗೈ ಬಿಚ್ಚಿದರೆ ಅದೂ ಬಿಚ್ಚುತ್ತದೆ. ಹಾಗೆ ನೋಡುತ್ತ ನೋಡುತ್ತ ಹೋದ ಕೈಯ ನೋವು ಎಷ್ಟೋ ಜನರಿಗೆ ಇಳಿಯುತ್ತದೆ.

"ಬಿಚ್ಚಿ ಅಕ್ಕ. ಮೆಲ್ಲಗೆ."

ಮಿಂಚಕ್ಕನ ಹಣೆಯಲ್ಲಿ ಬೆವರು ಮೂಡಿತು. "ಬಿಡ್ತಿಲ್ಲ ಮೇಡಮ್ಮ. ತಗಡಿನ ಬಿಲ್ಲೆ ಹಿಡ್ಕೊಂಡೇ ಇದೆ. ಅದರ ಅಂಚು ಅಂಗೈ ಕುಯ್ತಿದೆ."

"ಅವತ್ತಿನ ಬಿಲ್ಲೆನಾ?"

"ಅದೇ. ಮೆಷಿನ್ ಬಿದ್ದಾಗ ಕೈಲಿದ್ದಿದ್ದು. ನಾನು ಎದ್ದು ಬಂದೆ, ಅದು ಅಲ್ಲೇ ಕೂತಿದೆ. ಅದಕ್ಕಿನ್ನೂ ಡ್ಯೂಟಿ ಮುಗಿದಿಲ್ಲ." ಹಣೆ ಒರೆಸಿಕೊಂಡು ಕೇಳಿದಳು, "ಮೇಡಮ್ಮ, ನನ್ನ ಅದೇ ಮೆಷಿನ್ ಮೇಲೆ ಕೂರ್ಸಿ ಪರೀಕ್ಷೆ ಮಾಡ್ತೀರಾ?"

"ಹುಚ್ಚಾ ನಿಮಗೆ? ಪ್ಯಾಕಿಂಗ್ ಕೆಲಸಕ್ಕೆ ಕೇಳ್ತೀನಿ, ಕಾಲು ಹಿಡ್ದಾದ್ರೂ ಕೇಳ್ತೀನಿ."

"ಪ್ಯಾಕಿಂಗ್ ಬೇಡ. ಅದೇ ಮೆಷಿನ್ನು. ಮ್ಯಾನೇಜರ್ ಕಣ್ಣೆದುರಿಗೇ."

ಹೊಟ್ಟೆಪಾಡು ಮಾತಾಡಿಸುತ್ತಿದೆ ಅಂದುಕೊಂಡಳು ಮೇಡಂ. ಕೆಲಸದ ಪರೀಕ್ಷೆಯೆಂದು ಹೇಳಿ ಕಳಿಸಿದಾಗ ಮ್ಯಾನೇಜರ್ ಕುಣಿದುಕೊಂಡು ಒಪ್ಪಿದ.

ಗುರುವಾರ ಬೆಳಿಗ್ಗೆ ಶೆಡ್ಡಿಗೆ ಕಾಲಿಟ್ಟರೆ ನೆಲದ ಅದುರು ಹಲ್ಲಿನವರೆಗೆ ಬಂತು. ಹದಿನಾಲ್ಕು ಮೆಷಿನ್‌ಗಳು ಒಂದೇ ಸಾಲು. ಪ್ರತಿಯೊಂದಕ್ಕೂ ಎರಡು ಬಟನ್, ಎಡಕ್ಕೊಂದು ಬಲಕ್ಕೊಂದು. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಮೇಲಿನ ಅಚ್ಚು ಬೀಳಬೇಕು. ಅದು ಬೀಳುವ ಹೊತ್ತಿಗೆ ಎರಡೂ ಕೈ ಹೊರಗಿರಲಿ ಅಂತಲೇ ಆ ಏರ್ಪಾಡು. ಈ ಅಡ್ಡಿಯನ್ನು ಮಿಂಚಕ್ಕನೇ ಕದ್ದು ತೆಗೆದಳು ಅಂತ ತನಿಖೆಯ ಕಾಗದ ಹೇಳುತ್ತಿತ್ತು.

ಮಿಂಚಕ್ಕ ತನ್ನ ಹಳೆಯ ಸ್ಟೂಲಿನ ಮೇಲೆ ಕೂತಳು. ಬಲಗೈಯಿಂದ ಬಿಲ್ಲೆ ತೆಗೆದು ಒಳಗಿಟ್ಟಳು, ಕೈ ಹೊರಗೆಳೆದು ಅದೇ ಕೈಯಿಂದ ಬಲದ ಬಟನ್ ಒತ್ತಿದಳು. ಧಡ್! ಮೇಡಂ ಬೆಚ್ಚಿಬಿದ್ದಳು. ಮತ್ತೆ ಬಿಲ್ಲೆ, ಮತ್ತೆ ಧಡ್. ಪಕ್ಕದ ಮೆಷಿನ್‌ಗಳ ಹೆಂಗಸರು ಯಾರೂ ತಲೆ ಎತ್ತಲಿಲ್ಲ.

"ನೋಡ್ದ್ಯಾ? ನೋವು ನೋವು ಅಂತ ಅಳ್ತಿದ್ದ ಲೌಡಿ ಹೆಂಗೆ ಓಡಿಸ್ತಾಳೆ ನೋಡು!" ಮ್ಯಾನೇಜರ್ ತೊಡೆ ತಟ್ಟಿದ. "ಬರ್ಕೋ. ಒಂದೇ ಕೈಲಿ ಓಡಿಸಿದ್ಲು ಅಂತ ದಪ್ಪಕ್ಷರದಲ್ಲಿ ಬರ್ಕೋ. ಬೇಕಿದ್ರೆ ನಾನೂ ಸೈನ್ ಹಾಕ್ತೀನಿ."

'ಒಂದೇ ಕೈಯಲ್ಲಿ' ಅಂತ ಬರೆದು ಪೆನ್ನು ನಿಂತಿತು.

ಇರುವುದು ಒಂದೇ ಕೈ. ಅದು ಬಲದ ಬಟನ್ ಒತ್ತುತ್ತಿದೆ. ಹಾಗಾದರೆ ಎಡದ್ದನ್ನು ಒತ್ತುತ್ತಿರುವುದು ಯಾರು?

ಒಂದು ಗಳಿಗೆ ಮೇಡಂಗೆ ಡ್ಯೂಟಿ ಮುಗಿಯದ ಆ ಕೈ ನಿಜವಾಗಿಯೂ ಅಲ್ಲಿ ಕೂತಿದೆ ಅನ್ನಿಸಿತು. ಬಗ್ಗಿ ನೋಡಿದಳು. ಎಡ ಬಟನ್ನಿನ ಮೇಲೆ ಸೈಕಲ್ ಟ್ಯೂಬಿನ ಕಪ್ಪು ಪಟ್ಟಿ, ಮೂರು ಸುತ್ತು ಬಿಗಿದು ಕಟ್ಟಿತ್ತು. ಪಕ್ಕದ ಮೆಷಿನ್‌ನಲ್ಲೂ ಪಟ್ಟಿ, ಅದರಾಚೆಯದರಲ್ಲೂ ಪಟ್ಟಿ. ಸಾಲಿನ ಕೊನೆಯವರೆಗೂ ಅದೇ. ಮಿಂಚಕ್ಕ ಈ ಶೆಡ್ಡು ಬಿಟ್ಟು ಮೂರು ತಿಂಗಳಾಗಿತ್ತು.

ಮಿಂಚಕ್ಕ ಇವಳತ್ತ ನೋಡಲೇ ಇಲ್ಲ. ಬಿಲ್ಲೆ ಇಡುತ್ತಲೇ ಇದ್ದಳು.

"ಸಾರ್," ಮೇಡಂಗೆ ತನ್ನ ದನಿಯೇ ಗುರುತು ಸಿಗಲಿಲ್ಲ, "ತಾರೀಕು, ಹೊತ್ತು, ಮೆಷಿನ್ ನಂಬರು ಬರ್ದಿದ್ದೀನಿ. ನಿಮ್ಮ ಸೈನು."

ಮ್ಯಾನೇಜರ್ ಕಾಗದವನ್ನು ಆ ಮೆಷಿನ್ ಮೇಲೇ ಇಟ್ಟು ಉದ್ದಕ್ಕೆ ಸಹಿ ಎಳೆದ. ಅಂಗೈಯಷ್ಟು ಹತ್ತಿರದಲ್ಲಿದ್ದ ಪಟ್ಟಿ ಅವನ ಕಣ್ಣಿಗೆ ಬೀಳಲಿಲ್ಲ. ದಿನಾ ನೋಡುವವನಿಗೆ ಅದೂ ಮೆಷಿನ್‌ನ ಭಾಗವೇ ಆಗಿತ್ತು. "ಈಗ ಬಗ್ಗೋದು ಕಲ್ತೆ ನೋಡು," ಅಂದ.

ಗೇಟಿನಾಚೆ ಬಂದ ಮೇಲೆ ಮೇಡಂ ನಿಂತು ಕೇಳಿದಳು. "ಅಕ್ಕ, ನಿಮಗೆ ಗೊತ್ತಿತ್ತಾ?"

"ಮೂರು ತಿಂಗ್ಳು ಬಾಯಲ್ಲಿ ಹೇಳ್ದೆ. ಯಾವ ಬೋಳಿಮಗ ಕೇಳ್ದ? ಅದಕ್ಕೆ ಕೈಲಿ ತೋರಿಸ್ದೆ."

"ನನಗಾದ್ರೂ ಮೊದ್ಲೇ ಹೇಳ್ಬಾರ್ದಿತ್ತಾ?"

ಮಿಂಚಕ್ಕ ಅವಳ ಮುಖವನ್ನೇ ನೋಡಿದಳು. "ಶಿಳ್ಳೆ ನನ್ನ ತಮ್ಮನ ಜೊತೆಗಾರ ಮೇಡಮ್ಮ. ಅವನ ಕಾಗದಕ್ಕೆ ಸೈನ್ ಹಾಕಿದ್ದು ನೀವೇ ಅಲ್ವಾ? ಹೆಂಗೆ ನಂಬ್ಲಿ?"

ಮ್ಯಾನೇಜರ್ ಸಹಿ ಹಾಕಿದ್ದ ಕಾಗದವನ್ನು ಮೇಡಂ ಅವತ್ತೇ ಕಾರ್ಮಿಕ ಇಲಾಖೆಗೆ ಕಳಿಸಿದಳು. ಎಡ ಬಟನ್ನಿನ ವಿಷಯವನ್ನು ಬೇರೆ ಹಾಳೆಯಲ್ಲಿ ಬರೆದು, ಕೆಳಗೆ ನಲವತ್ತೊಂದು ಫೈಲುಗಳ ನಂಬರು ಸೇರಿಸಿ, ಇವೆಲ್ಲಕ್ಕೂ ನಾನು ಹೆದರಿ ಸಹಿ ಹಾಕಿದ್ದು ಅಂತ ಒಪ್ಪಿಕೊಂಡಳು.

ಐದನೇ ದಿನ ಕೇಂದ್ರದ ಮುಖ್ಯಸ್ಥ ಕೋಣೆಯ ಬಾಗಿಲಲ್ಲೇ ನಿಂತು ಹೇಳಿದ: "ಮಧ್ಯಾಹ್ನದೊಳಗೆ ಖಾಲಿ ಮಾಡು. ಇಲಾಖೆಯವರು ಸಂಜೆ ಬರ್ತಾರಂತೆ, ಬರ್ಲಿ. ಅಲ್ಲೇನಿದೆ ನೋಡೋಕೆ? ಪಟ್ಟಿಗಿಟ್ಟಿ ಎಲ್ಲ ಕಿತ್ತು ಸುಟ್ಟಾಗಿದೆ. ನಿನ್ನ ಕಾಗದ ಇಟ್ಕೊಂಡು ನೆಕ್ಕು."

ಅವಳು ಸಾಮಾನು ಕಟ್ಟತೊಡಗಿದಳು. ಕೋಟು ಮಡಿಸಿ ಮೇಜಿನ ಮೇಲಿಟ್ಟಳು. ಕನ್ನಡಿಯ ಪೆಟ್ಟಿಗೆಗೆ ಕೈ ಹಾಕುವ ಹೊತ್ತಿಗೆ ಬಾಗಿಲಲ್ಲಿ ಸದ್ದಾಯಿತು. ಮೂಳೆ ಮರಕ್ಕೆ ತಾಗಿದ ಮೆತ್ತನೆಯ ಸದ್ದು. ಮೊಣಕೈ.

ಬಾಗಿಲು ತೆರೆದರೆ ಖಾಲಿ ಓಣಿ ನೋಡಬೇಕಾಗುತ್ತದೆ ಅಂತ ಅವಳು ಕದಲಲಿಲ್ಲ. ಸದ್ದು ಮತ್ತೆ ಬಂತು, ಈ ಸಲ ಜೋರಾಗಿ.

ತೆರೆದರೆ ಮಿಂಚಕ್ಕ. ಅವಳ ಒಂದೇ ಕೈಯಲ್ಲಿ ಬಟ್ಟೆಯ ಗಂಟಿತ್ತು, ತಟ್ಟಲು ಬೇರೆ ಕೈ ಎಲ್ಲಿಂದ ತರಬೇಕು? ಒಳಗೆ ಬಂದು ಗಂಟನ್ನು ಮೇಜಿನ ಮೇಲೆ, ಆ ಬಿಳಿ ಕೋಟಿನ ಮೇಲೆಯೇ ಸುರಿದಳು. ಟ್ಯೂಬಿನ ಕಪ್ಪು ಪಟ್ಟಿಗಳು. ಪ್ರತಿಯೊಂದರ ಮೇಲೂ ಸುಣ್ಣದಲ್ಲಿ ಮೆಷಿನ್ ನಂಬರು ಬರೆದಿತ್ತು.

"ಕಿತ್ತು ಸುಡಿ ಅಂತ ನಮ್ಮ ಹೆಂಗಸ್ರಿಗೇ ಹೇಳಿದ್ದಾನೆ ಆ ಹಲ್ಕಾ ಮ್ಯಾನೇಜರ್. ಅವರು ಸುಟ್ಟಿದ್ದು ಬೇರೆ ಯಾವ್ದೋ ಹಳೇ ಟ್ಯೂಬು. ಹದಿನಾಲ್ಕೂ ಇವೆ, ಎಣಿಸ್ಕೊಳ್ಳಿ. ಸಂಜೆ ಇಲಾಖೆಯವರ ಮುಂದೆ ಸಾಲಾಗಿ ಬಂದು ಹೇಳ್ತಾರಂತೆ." ಅವಳ ದನಿ ತಗ್ಗಿತು. "ಬರ್ತಾರೋ ಇಲ್ವೋ. ಹೊಟ್ಟೆ ಎಲ್ರಿಗೂ ಇದೆ."

ನಂತರ ಕುರ್ಚಿ ಎಳೆದುಕೊಂಡು ಕೂತಳು. "ಕನ್ನಡಿ ಕಟ್ಬೇಡಿ. ಇವತ್ತು ನನ್ನ ಪಾಳಿ ಇದೆ."

ಮೇಡಂ ಪೆಟ್ಟಿಗೆಯನ್ನು ಸರಿಯಾಗಿ ಇಟ್ಟಳು. ಮಿಂಚಕ್ಕ ಮೋಟನ್ನು ಹಿಂದೆ ಸರಿಸಿ, ರಾಶಿಯಿಂದ ತನ್ನ ಮೆಷಿನ್‌ನ ಪಟ್ಟಿಯನ್ನು ಹುಡುಕಿ ತೆಗೆದು ಬಲಗೈಯಲ್ಲಿ ಹಿಡಿದಳು. ಕನ್ನಡಿಯೊಳಗಿನ ಎಡಗೈಯಲ್ಲೂ ಕಪ್ಪು ಪಟ್ಟಿ ಕಾಣಿಸಿತು. ಅವಳು ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತ ಕೂತಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಏನಾಯ್ತು ಅಕ್ಕ? ಬಿಚ್ತಾ?"

"ಬಿಲ್ಲೆ ಬಿತ್ತು ಮೇಡಮ್ಮ," ಮಿಂಚಕ್ಕ ಕನ್ನಡಿಯಿಂದ ಕಣ್ಣು ಕೀಳದೆ ಅಂದಳು. "ಈಗ ಇದನ್ನ ಹಿಡ್ಕೊಂಡಿದೆ."