ಮುಳ್ಳು ಬಿಟ್ಟ ಹಾಡು

"ಬಾಯ್ ಮುಚ್ಚೇ ಮುದುಕಿ! ಅಲ್ಲಿ ನಿನ್ ಮಗನೇ ಕೂಗ್ತಾ ಇಲ್ವಾ? ಮತ್ತೆ ನೀನ್ಯಾಕೆ ಗಂಟಲು ಹರ್ಕೊಳ್ತೀಯಾ?"

ಮೇಸ್ತ್ರಿ ಗೋಡೆಗೆ ಬಡಿದಿದ್ದ ಸ್ಪೀಕರಿನ ಕಡೆ ಕೈ ತೋರಿಸಿ ಹಲ್ಲು ಕಿರಿದ. ಕೂಗಕ್ಕ ಬಾಯಿ ಮುಚ್ಚಲಿಲ್ಲ. ಮೇಜಿನ ಮೇಲಿದ್ದ ಗಂಟನ್ನು ಪಕ್ಕದವಳು ಕೋಲಿನಿಂದ ಬಡಿದಾಗ ಒಳಗಿಂದ ಬಟ್ಟೆಯದಲ್ಲದ ಸಣ್ಣದೊಂದು ಸದ್ದು ಬಂದಿತ್ತು. "ಮುಳ್ಳು! ಮುಳ್ಳು ಕಣ್ರೇ!" ಎಂದು ಅವಳು ಇನ್ನೊಮ್ಮೆ ಅರಚಿದಳು. ಅದೇ ಗಳಿಗೆಗೆ ಸ್ಪೀಕರು "ಕೈ!" ಎಂದಿತು. ಕೂಗಕ್ಕನ ನಾದಿನಿಯ ಕೈ ಗಂಟಿನೊಳಗೆ ಹೋಯಿತು.

ಹೊರಬಂದಾಗ ಅಂಗೈಯ ಮೆತ್ತನೆಯ ಭಾಗದಲ್ಲಿ ಸೂಜಿಯೊಂದು ನಿಂತಿತ್ತು. ಅದರ ಹಿಂದೆ ಸಿರಿಂಜು, ಸಿರಿಂಜಿನೊಳಗೆ ಯಾರದೋ ಕಪ್ಪಾದ ರಕ್ತ. ನಾದಿನಿ ಅಳಲಿಲ್ಲ. ತನ್ನದಲ್ಲದ ಏನನ್ನೋ ಎತ್ತಿಕೊಂಡವಳ ಹಾಗೆ ಅದನ್ನು ನೋಡಿದಳು. "ಅತ್ತಿಗೆ, ನೀವು ಕೈ ಅಂದ್ರಲ್ಲಾ?" ಎಂದಳು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಹಾಸಿಗೆಯ ಮೇಲಿನದು, ಹೆರಿಗೆಯ ಮೇಜಿನ ಮೇಲಿನದು, ಸತ್ತವರ ಮೈಮೇಲಿನದು, ಎಲ್ಲವೂ ಗಂಟಾಗಿ ಇಲ್ಲಿಗೆ ಬಂದು ಬೀಳುತ್ತದೆ. ಯಂತ್ರಕ್ಕೆ ಹಾಕುವ ಮೊದಲು ಬಿಡಿಸಿ ಬೇರೆ ಮಾಡುವವರು ಹೆಂಗಸರು. ಕೀವು, ಹೇಲು, ವಾಂತಿ, ಹೆಪ್ಪುಗಟ್ಟಿದ ರಕ್ತ ಇವೆಲ್ಲ ಅವರಿಗೆ ಬಣ್ಣದ ಲೆಕ್ಕ ಮಾತ್ರ. ಒಮ್ಮೆ ಕಾಲಿನ ಬೆರಳೊಂದು ಬಂದಿತ್ತು. ಮೇಸ್ತ್ರಿ ಅದನ್ನು ಕಾಗದದಲ್ಲಿ ಸುತ್ತಿ ಕಾಂಪೌಂಡಿನಾಚೆ ನಾಯಿಗಳಿಗೆ ಎಸೆದ.

ಹೆದರಿಕೆ ಇದ್ದದ್ದು ಸೂಜಿಗೆ, ಬ್ಲೇಡಿಗೆ, ಒಡೆದ ಗಾಜಿಗೆ. ಅವಕ್ಕೆಲ್ಲ ಒಂದೇ ಹೆಸರು: ಮುಳ್ಳು. ಒಬ್ಬಳು ಕೋಲಿನಿಂದ ಗಂಟನ್ನು ಬಡಿಯುತ್ತಾಳೆ. ಇನ್ನೊಬ್ಬಳು ಕಿವಿಗೊಟ್ಟು ಕೂಗುತ್ತಾಳೆ. "ಬಡಿ, ಬಡಿ, ಬಿಚ್ಚು" ಎಂದಾದ ಮೇಲೆ ಒಂದು ಉಸಿರಿನಷ್ಟು ಮೌನ. ಆಮೇಲೆ "ಕೈ" ಎಂದರೆ ಎಲ್ಲರ ಕೈ ಒಳಕ್ಕೆ, "ಮುಳ್ಳು" ಎಂದರೆ ಎಲ್ಲರ ಕೈ ಹಿಂದಕ್ಕೆ. ಯೋಚನೆ ಮಾಡಿ ಕೈ ಹಾಕುವವರು ಅಲ್ಲಿ ಯಾರೂ ಇಲ್ಲ. ಕಿವಿ ಕೇಳಿದ್ದನ್ನು ಕೈ ಮಾಡುತ್ತದೆ. ಕೂಗಕ್ಕನಿಗೆ ಆ ಹೆಸರು ಬಂದದ್ದೇ ಈ ಕೂಗಿನಿಂದ. ಅವಳಿಗೆ ಅದನ್ನು ಕಲಿಸಿದವಳು ಅವಳ ಅತ್ತೆ.

ಮಗ ಬೆಳೆದದ್ದು ಅದೇ ಮೇಜಿನ ಕೆಳಗೆ. ಈಗ ಅವನು ಊರಿಗೆಲ್ಲ 'ಕಿಡಿ'. ರ್‍ಯಾಪ್ ಹಾಡುತ್ತಾನೆ. ಅವನನ್ನು ಮೇಲಕ್ಕೆತ್ತಿದ ಹಾಡು ಈ ಕೂಗಿನದೇ: ಬಡಿ ಬಡಿ ಬಿಚ್ಚು, ಕೈ! ಬಡಿ ಬಡಿ ಬಿಚ್ಚು, ಕೈ! ದನಿ ಅಮ್ಮನದೇ ಎರಕ, ಎಳೆಯುವುದೂ ಅವಳ ಹಾಗೆಯೇ. ಆ ಹಾಡು ಹೆಸರು ಮಾಡಿದ ಮೇಲೆ ಮೇಸ್ತ್ರಿ ಶೆಡ್ಡಿಗೆ ಸ್ಪೀಕರು ತಂದು ಹಾಕಿದ. ಹಾಡಿನ ಓಟಕ್ಕೆ ಕೆಲಸ ಬೇಗ ಆಗುತ್ತದೆ ಎಂದು ಅವನ ಎಣಿಕೆ. ಆಯಿತು ಕೂಡ. ಹೊರಗಿನವರ ಕಿವಿಗೆ ಅದು ಹಾಡು. ಈ ಕೈಗಳಿಗೆ ಮಾತ್ರ ಅದು ಅಪ್ಪಣೆ.

ಆ ಹಾಡಿನಲ್ಲಿ ಮುಳ್ಳು ಎಂಬ ಮಾತು ಎಲ್ಲೂ ಇರಲಿಲ್ಲ.

*

"ಇಲ್ಲೇ ಚುಚ್ತು ಅನ್ನೋದಕ್ಕೆ ಏನ್ ಗ್ಯಾರಂಟಿ?" ಕಾರ್ಖಾನೆಯ ಧಣಿ ಕುರ್ಚಿಯಿಂದ ಏಳಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದಿದ್ದ. "ಮನೇಲಿ ರವಿಕೆ ಹೊಲಿಯೋವಾಗ ಚುಚ್ಕೊಂಡಿರ್ತಾಳೆ."

"ರವಿಕೆ ಹೊಲಿಯೋ ಸೂಜಿಗೆ ರಕ್ತದ ಕೊಳವೆ ಇರ್ತದಾ ಸ್ವಾಮಿ?" ಎಂದಳು ಕೂಗಕ್ಕ.

"ನೋಡಿದ್ರಾ, ಮಗ ಟೀವೀಲಿ ಬಂದ್ಮೇಲೆ ಇವಳಿಗೂ ನಾಲಿಗೆ ಬಂತು." ಧಣಿ ಮೇಸ್ತ್ರಿಯ ಕಡೆ ತಿರುಗಿದ. "ಯಾರಾದ್ರೂ ನೋಡಿದ್ದೀರೇನೋ?"

"ನಾನಂತೂ ನೋಡಿಲ್ಲ ಧಣಿ," ಎಂದ ಮೇಸ್ತ್ರಿ. ಸೂಜಿಯನ್ನು ಕಿತ್ತು ಕಸದ ಡಬ್ಬಕ್ಕೆ ಎಸೆದವನು ಅವನೇ.

ನಾದಿನಿ ಬಾಗಿಲ ಹೊರಗೆ ನಿಂತಿದ್ದಳು. ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು: ಆ ರಕ್ತ ಯಾವ ರೋಗದ್ದೋ, ಮಾತ್ರೆ ತಡಮಾಡದೆ ಶುರುವಾಗಬೇಕು. ಕೆಲಸದ ಜಾಗದಲ್ಲಿ ಚುಚ್ಚಿದ್ದು ಎಂದು ಕಾರ್ಖಾನೆ ಒಪ್ಪಿಕೊಂಡರೆ ಇಲ್ಲೇ ಕೊಡುತ್ತೇವೆ. ಇಲ್ಲದಿದ್ದರೆ ಹೊರಗೆ ನೀವೇ ನೋಡಿಕೊಳ್ಳಿ. ಹೊರಗೆ ಆ ಮಾತ್ರೆಯ ಬೆಲೆ ಕೇಳಿ ಅಂಗಡಿಯ ಮೆಟ್ಟಿಲ ಮೇಲೇ ಕೂತು ಬಂದವರು ಅತ್ತಿಗೆ ನಾದಿನಿ ಇಬ್ಬರೂ.

"ನಾಳೆ ಹೊಸ ಶೆಡ್ಡು ಶುರುವಾಗ್ತಿದೆ. ದೊಡ್ಡೋರೆಲ್ಲ ಬರ್ತಾರೆ, ನಿನ್ ಮಗಾನೂ ಬರ್ತಾನೆ," ಎಂದ ಧಣಿ. "ಮೈ ತೊಳ್ಕೊಂಡು, ಒಳ್ಳೆ ಸೀರೆ ಉಟ್ಕೊಂಡು ಬಾ. ವಾಸನೆ ಗೀಸನೆ ಬರಬಾರ್ದು. ಈಗ ನಡಿ, ನೆಲ ಗಲೀಜಾಗುತ್ತೆ."

*

ಸಂಜೆ ಮಗ ಮನೆಗೆ ಬಂದ. ಸೂಜಿ ಚುಚ್ಚಿದ್ದ ಸೋದರತ್ತೆಯ ಅಂಗೈ ನೋಡಿದ. ಊದಿ ಕೆಂಪಾಗಿತ್ತು. ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಕೂತಿದ್ದ. ಅವನನ್ನು ಎತ್ತಿ ಆಡಿಸಿದ ಕೈ ಅದು, ಬೆನ್ನಿಗೆ ಬಾರಿಸಿದ್ದೂ ಅದೇ.

"ನಾಳೆ ಮೈಕ್ ನಿನ್ ಕೈಲಿರುತ್ತೆ," ಎಂದಳು ಕೂಗಕ್ಕ. "ಇಲ್ಲೇ ಚುಚ್ತು ಅಂತ ಒಂದ್ ಮಾತು ಹೇಳ್ಬಿಡು. ಅಷ್ಟು ಜನರ ಮುಂದೆ ಧಣಿ ಇಲ್ಲ ಅನ್ನಕ್ಕಾಗಲ್ಲ."

ಮಗ ಕೈ ಬಿಟ್ಟ. "ಅಮ್ಮ, ಎಲ್ರೂ ಇದೇ. ನೀನೂ ಶುರು ಮಾಡ್ಬೇಡ."

"ಯಾರು ಎಲ್ರೂ?"

"ಎಲ್ರೂ ಅಂದ್ರೆ ಎಲ್ರೂ! ಪೇಪರ್ನೋರು, ಕಾಲೇಜಿನೋರು. ಕಿಡಿ ಯಾಕೆ ಅದರ ಬಗ್ಗೆ ಹಾಡಿಲ್ಲ, ಇದರ ಬಗ್ಗೆ ಯಾಕೆ ಸುಮ್ನಿದಾನೆ... ಸಿನಿಮಾದಲ್ಲಿ ಪ್ರೀತಿ ಪ್ರೇಮ ಅಂತ ಹಾಡೋರ್ನ ಒಬ್ಬನಾದ್ರೂ ಕೇಳ್ತಾನಾ? ನಾನು ಹೇಲಿನ ಪಕ್ಕ ಹುಟ್ದೆ ಅಂತ ಸಾಯೋ ತನಕ ಹೇಲಿನ ಹಾಡೇ ಹಾಡ್ಬೇಕಾ? ಅವರಿಗೆ ನಮ್ ಗಾಯ ಬೇಕಮ್ಮ. ಎಸಿ ರೂಮಲ್ಲಿ ಕೂತು ಕೇಳಿ, ಅಬ್ಬಾ ಅಂತ ಉಸಿರು ಬಿಟ್ಟು, ಆಮೇಲೆ ಊಟಕ್ಕೆ ಹೋಗ್ತಾರೆ."

ಅದು ಸುಳ್ಳಲ್ಲ ಎಂದು ಕೂಗಕ್ಕನಿಗೆ ಅನ್ನಿಸಿತು. ನಾದಿನಿ ಎಡಗೈಯಲ್ಲಿ ಟೀ ಲೋಟ ತಂದಿಟ್ಟಳು.

"ನೀನು ಹೂವಿನ ಹಾಡು ಹಾಡು ಮಗಾ, ಯಾರು ಬೇಡ ಅಂದ್ರು," ಎಂದಳು ಕೂಗಕ್ಕ. "ಹಾಡು ಅಂತ ನಾನು ಹೇಳಲಿಲ್ಲ. ಹೇಳು ಅಂದೆ. ಹಾಡೋದು ಬೇರೆ, ಹೇಳೋದು ಬೇರೆ."

"ಧಣಿ ನನ್ ಮುಂದಿನ ವಿಡಿಯೋ ಮಾಡಿಸ್ತಾರೆ ಅಂತ ಮಾತಾಗಿದೆ."

"ಹೂಂ."

"ಹೂಂ ಅಂದ್ರೆ?"

"ಒಂದ್ ಕೇಳ್ಲಾ? ನಮ್ ಕೂಗು ತಗೊಂಡೆ. ಚೆನ್ನಾಗೇ ಹಾಡ್ದೆ, ನಂಗೂ ಮೈ ಜುಮ್ ಅಂತು. ಮುಳ್ಳು ಯಾಕೆ ಬಿಟ್ಟೆ?"

ಮಗ ಲೋಟದೊಳಗೆ ನೋಡಿದ. "ತಾಳಕ್ಕೆ ಕೂರಲಿಲ್ಲಮ್ಮ. ಅಲ್ಲಿ ನಿಲ್ಸಿದ್ರೆ ಜನ ಕುಣಿಯೋದು ನಿಂತೋಗುತ್ತೆ."

"ನಿಲ್ಲೋದಕ್ಕೇ ಅಲ್ವೇನೋ ಅದಿರೋದು!" ಎಂದಳು ನಾದಿನಿ ಮೂಲೆಯಿಂದ. ಆ ಸಂಜೆ ಅವಳು ಆಡಿದ್ದು ಅದೊಂದೇ ಮಾತು. ಅದನ್ನೂ ನಗುತ್ತಲೇ ಆಡಿದಳು. ಆ ನಗೆಗೆ ಮಗ ಎದ್ದು ನಿಂತ. "ಸಮಯ ಬಂದ್ರೆ ಹೇಳ್ತೀನತ್ತೆ," ಎಂದು ಚಪ್ಪಲಿ ಮೆಟ್ಟಿ ಹೊರಟ.

*

ಹೊಸ ಶೆಡ್ಡಿನಲ್ಲಿ ಸುಗಂಧ ಸಿಂಪಡಿಸಿದ್ದರು. ಹೆಂಗಸರನ್ನು ಮುಂದಿನ ಸಾಲಿನ ಪಕ್ಕದಲ್ಲಿ, ಫೋಟೋಗೆ ಬೀಳುವ ಹಾಗೆ ಕೂರಿಸಿ, ಮೊಣಕೈವರೆಗೆ ಬರುವ ದಪ್ಪ ಹಳದಿ ರಬ್ಬರಿನ ಕೈಗವಸು ತೊಡಿಸಿದರು. ಅಂಥದ್ದನ್ನು ಅವರು ಇದುವರೆಗೆ ತೊಟ್ಟಿರಲಿಲ್ಲ. ಒಬ್ಬಳು ಬೆರಳು ಮಡಚಿ ಬಿಡಿಸಿ ನೋಡಿ, "ಅಯ್ಯೋ, ಇದ್ರೊಳಗೆ ಸೂಜಿ ಹೋಗೋದೇ ಇಲ್ಲ ಕಣೇ," ಎಂದಳು. "ಮೆತ್ತಗೆ ಮುಟ್ರೇ, ಬಾಡಿಗೆಗೆ ತಂದಿರೋದು," ಎಂದ ಮೇಸ್ತ್ರಿ. ನಾದಿನಿಗೆ ಗೇಟಿನ ಒಳಕ್ಕೇ ಪ್ರವೇಶ ಇರಲಿಲ್ಲ.

ಧಣಿ ಭಾಷಣ ಮಾಡಿದ. ಕಾರ್ಖಾನೆ ಒಂದು ಕುಟುಂಬ, ಕಿಡಿ ಈ ಮನೆಯ ಮಗ ಎಂದ. ಆಮೇಲೆ ನಿರೂಪಕಿ ಮಗನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ತಲೆ ವಾಲಿಸಿ ಕೇಳಿದಳು: "ಕಿಡಿ, ನೇರವಾಗಿ ಕೇಳ್ತೀನಿ. ರ್‍ಯಾಪ್ ಹಾಡೋರಿಗೆ ರಾಜಕೀಯ ಜವಾಬ್ದಾರಿ ಇರ್ಬೇಕಾ?"

ಸಭೆಯಲ್ಲಿ ಕೆಲವರು ಮುಂದಕ್ಕೆ ಬಾಗಿದರು. ಧಣಿಯೂ ಬಾಗಿದ. ಅವನ ಮುಖದಲ್ಲಿ ನಗುವಿತ್ತು. ಈ ಪ್ರಶ್ನೆ ಅವನಿಗೆ ಮೊದಲೇ ಗೊತ್ತಿತ್ತು.

ಮಗ ಅಮ್ಮನ ಕಡೆ ನೋಡಿದ. ಕೂಗಕ್ಕ ರೆಪ್ಪೆ ಬಡಿಯಲಿಲ್ಲ. ಬಡಿದಾದ ಮೇಲೆ, ಕೂಗುವ ಮೊದಲು, ಮೇಜಿನ ಮುಂದೆ ಒಂದು ಉಸಿರಿನ ಮೌನ ಬರುತ್ತದಲ್ಲ, ಅಷ್ಟು ಮೌನ ಬಂತು.

"ನಾನು ಬದುಕಿರೋದೇ ರಾಜಕೀಯ," ಎಂದ ಮಗ. "ನಾನು ಈ ವೇದಿಕೆ ಮೇಲೆ ಇರೋದೇ ಉತ್ತರ. ನನ್ನ ಉಸಿರೇ ನನ್ನ ಪ್ರತಿಭಟನೆ."

ಚಪ್ಪಾಳೆಯೋ ಚಪ್ಪಾಳೆ. ಕನ್ನಡಕದವನೊಬ್ಬ ಎದ್ದು ನಿಂತೇ ತಟ್ಟಿದ. "ವಾವ್," ಎಂದಳು ನಿರೂಪಕಿ, ಎದೆಯ ಮೇಲೆ ಕೈಯಿಟ್ಟು. ಕೂಗಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇಷ್ಟು ವರ್ಷ ಹೊಲಸು ಬಿಡಿಸುವಾಗಲೂ ಅವಳು ಹಾಗೆ ಮಾಡಿದವಳಲ್ಲ. ಮಾಡಿದ್ದು ಈ ಸುಗಂಧದ ನಡುವೆ.

"ಇನ್ನು ಅಮ್ಮನ ಮಾತು!" ನಿರೂಪಕಿ ಕೆಳಗಿಳಿದು ಬಂದು ಮೈಕನ್ನು ಅವಳ ಬಾಯಿಗೆ ಹಿಡಿದಳು. "ಹೆಮ್ಮೆ ಆಗ್ತಿದೆ ಅಲ್ವಾ ಅಮ್ಮ?"

"ನನ್ ನಾದಿನಿಗೆ ಇಲ್ಲೇ ಸೂಜಿ ಚುಚ್ತು. ಗೇಟ್ ಹೊರಗೆ ನಿಲ್ಸಿದಾರೆ. ಮಾತ್ರೆ..."

ಮೈಕು ಅವಳ ಬಾಯಿಂದ ದೂರ ಹೋಯಿತು. ನಿರೂಪಕಿಯ ನಗು ಹಾಗೇ ಇತ್ತು. ಕಣ್ಣು ಮಾತ್ರ ಧಣಿಯನ್ನು ಹುಡುಕಿತು. ಧಣಿ ಬೆರಳು ಆಡಿಸಿದ. ಹಾಡು ಶುರುವಾಯಿತು. ಬಡಿ ಬಡಿ ಬಿಚ್ಚು! ಮಗ ಕುರ್ಚಿಯಿಂದ ಎದ್ದು ನಿಂತ. ಆಮೇಲೆ ಬಾಯಿ ತೆರೆದ. "ಕೈ!" ಎಂದ. ಸಭೆಯಲ್ಲಿದ್ದವರೆಲ್ಲ ಉಂಗುರದ, ವಾಚಿನ, ಸೋಪಿನ ವಾಸನೆಯ ಕೈಗಳನ್ನು ಮೇಲೆತ್ತಿ "ಕೈ!" ಎಂದು ಕಿರುಚಿದರು. ಸಾಲಿನಲ್ಲಿ ಕೂತಿದ್ದ ಹೆಂಗಸರ ಕೈಗಳು ಮಡಿಲಲ್ಲೇ ಒಮ್ಮೆ ಅದುರಿ ಮುಂದಕ್ಕೆ ಜಾರಿದವು. ತಮ್ಮ ಕೈ ಹೀಗೆ ಮಾಡಿದ್ದನ್ನು ಕಂಡು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೂಗಕ್ಕ ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

*

ಗೇಟಿನ ಹತ್ತಿರ ಮೇಸ್ತ್ರಿ ಪ್ಲಾಸ್ಟಿಕ್ ಕ್ರೇಟು ಇಟ್ಟುಕೊಂಡು ಅಡ್ಡ ನಿಂತಿದ್ದ.

"ಬಿಚ್ಚಿ ಹಾಕ್ರೇ ಗವಸು."

ಯಾರೂ ಬಿಚ್ಚಲಿಲ್ಲ.

"ಕಿವಿ ಕೇಳಲ್ವಾ ಮುಂಡೇವಾ? ಸಂಜೆಗೆ ವಾಪಸ್ ಕೊಡ್ಬೇಕು ಅದನ್ನ."

"ಇಲ್ಲೇ ಚುಚ್ತು ಅಂತ ನಿನ್ ಧಣಿ ಡಾಕ್ಟರಿಗೆ ಫೋನ್ ಮಾಡ್ಲಿ," ಎಂದಳು ಕೂಗಕ್ಕ. "ಅಲ್ಲೀ ತನಕ ಬಿಚ್ಚಲ್ಲ. ಗಂಟೂ ಮುಟ್ಟಲ್ಲ."

"ಏನಂದೆ?"

"ಕೇಳಿಸ್ಲಿಲ್ವೇನೋ ಬೋಳಿಮಗನೇ?" ಎಂದಿತು ಹಿಂದಿನ ದನಿಯೊಂದು. "ಸ್ಪೀಕರ್ ತಂದು ಹೇಳ್ಬೇಕಾ?"

ಮಧ್ಯಾಹ್ನದ ಲಾರಿ ಬಂದು ಹಳೆಯ ಶೆಡ್ಡಿನ ಮುಂದೆ ಗಂಟುಗಳನ್ನು ಉರುಳಿಸುತ್ತಿತ್ತು. ಬಿಸಿಲಿಗೆ ನಾತ ಎದ್ದು ಹೊಸ ಶೆಡ್ಡಿನ ಬಾಗಿಲವರೆಗೆ ಹಬ್ಬಿತು. ಅತಿಥಿಗಳು ಮೂಗು ಮುಚ್ಚಿಕೊಂಡು ಹೊರಬಂದರು. ಅವರ ನಡುವಿನಿಂದ ಮಗ ಓಡಿ ಬಂದ. ಗೇಟಿನ ಸರಳುಗಳ ಆಚೆ ನಿಂತಿದ್ದ ಅತ್ತೆಯನ್ನು ನೋಡಿ, ನೋಡದವನ ಹಾಗೆ ತಿರುಗಿದ.

"ಅಮ್ಮ, ಎಲ್ರೂ ನೋಡ್ತಿದಾರೆ. ಕೊಟ್ಬಿಡು. ಇಂಥದ್ದು ನಾನೇ ತಂದ್ಕೊಡ್ತೀನಿ, ಎಲ್ರಿಗೂ."

"ನಿನ್ ಹತ್ರ ಕೇಳಿದ್ದು ಗವಸಲ್ಲ."

"ನಾನು ಧಣಿ ಹತ್ರ ಒಳಗೆ ಮಾತಾಡ್ತೀನಿ, ಆಯ್ತಾ? ಮೆಲ್ಲಗೆ. ಹೀಗೆಲ್ಲ ಬೀದೀಲಿ..."

"ಒಳಗೆ ಮಾತಾಡೋಕೆ ನೀನೇ ಬೇಕಾ? ಒಳಗೆ ಮಾತಾಡೋರು ಬೇಕಾದಷ್ಟು ಜನ ಇದಾರೆ."

ಯಾರೋ ಫೋನು ಮೇಲೆತ್ತಿ ಚಿತ್ರ ತೆಗೆಯತೊಡಗಿದರು. ಮಗನ ಮುಖ ಬೆವರಿತು. ಅವನು ಅಮ್ಮನ ಬಲಗೈ ಹಿಡಿದು, ಗವಸಿನ ಬೆರಳುಗಳ ತುದಿಗೆ ಕೈ ಹಾಕಿ ಎಳೆದ. ಕೂಗಕ್ಕ ಗವಸಿನೊಳಗೇ ಮುಷ್ಟಿ ಕಟ್ಟಿದಳು. ಗವಸಿನ ಬೆರಳುಗಳೆಲ್ಲ ಖಾಲಿಯಾಗಿ ಬರಿಯ ರಬ್ಬರು ಅವನ ಹಿಡಿತಕ್ಕೆ ಸಿಕ್ಕಿತು. ಅವನು ಇನ್ನೂ ಎಳೆದ. ಅವಳ ಕಣ್ಣು ಅವನ ಮುಖ ಬಿಟ್ಟು ಕದಲಲಿಲ್ಲ. ಮಗನಿಗೂ ಅಮ್ಮನಿಗೂ ನಡುವೆ ಹಳದಿ ಬೆರಳುಗಳು ಉದ್ದವಾಗುತ್ತ, ತೆಳ್ಳಗಾಗುತ್ತ, ಬಿಳಿಚಿಕೊಂಡವು. ಇಬ್ಬರೂ ಬಿಡಲಿಲ್ಲ.