ಮಿಸ್ಸಿನ ಮಗಳು

ನಮ್ಮ ಶಾಲೆ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದಕ್ಕೆ ಮಾವಿನಕಟ್ಟೆ ಕೊಪ್ಪಲಿನವರಿಗೆ ಒಂದೇ ಪ್ರಶ್ನೆ ಸಾಕು: ಮಿಸ್ಸಿನ ಮಗಳು ಎಲ್ಲಿ ಓದುತ್ತಾಳೆ? ಇಲಾಖೆಯವರು ವರ್ಷಕ್ಕೊಮ್ಮೆ ಉದ್ದನೆಯ ನಮೂನೆ ಕಳಿಸಿ ಶೌಚಾಲಯ, ಕಾಂಪೌಂಡು, ಕಲಿಕಾ ಮಟ್ಟ ಎಂದೆಲ್ಲ ಕೇಳುತ್ತಾರೆ. ಊರಿನವರಿಗೆ ಅಷ್ಟೆಲ್ಲ ಪುರಸೊತ್ತಿಲ್ಲ.

ಆ ಮಿಸ್ಸು ನಾನೇ, ಶಾಂತಕುಮಾರಿ. ಹನ್ನೊಂದು ವರ್ಷದಿಂದ ಇಲ್ಲಿಗೆ ಹೊಳೆನರಸೀಪುರದಿಂದ ಸ್ಕೂಟಿಯಲ್ಲಿ ಬಂದು ಹೋಗುತ್ತಿದ್ದೇನೆ. ಒಂದರಿಂದ ಐದನೇ ತರಗತಿವರೆಗೆ ಇರುವ ಸರ್ಕಾರಿ ಶಾಲೆ. ಟೀಚರ್, ಹೆಡ್ ಟೀಚರ್, ಗುಮಾಸ್ತೆ ಎಲ್ಲ ನಾನೊಬ್ಬಳೇ. ನಾನು ಬಂದಾಗ ನಲವತ್ತೆರಡು ಮಕ್ಕಳಿದ್ದರು. ಈ ಜೂನ್‌ನಲ್ಲಿ ಒಂಬತ್ತು. ಸೆಪ್ಟೆಂಬರ್ ಮೂವತ್ತರ ಹಾಜರಾತಿಯಲ್ಲಿ ಹತ್ತು ಮಕ್ಕಳಾದರೂ ಇಲ್ಲದ ಶಾಲೆಗಳನ್ನು ಪಕ್ಕದೂರಿನ ಶಾಲೆಗೆ ಸೇರಿಸುತ್ತಾರಂತೆ ಎಂದು ಮೀಟಿಂಗಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು. ಪಕ್ಕದೂರಿಗೆ ಹೋಗಬೇಕಾದರೆ ಮಕ್ಕಳು ಲಾರಿ ಓಡಾಡುವ ರಸ್ತೆ ದಾಟಬೇಕು. ನಾನು ಎಲ್ಲಿಗೆ ಹೋಗಬೇಕೋ ಅದನ್ನು ಯಾರೂ ಹೇಳಿರಲಿಲ್ಲ.

ಮೊದಲೆಲ್ಲ ನನಗೆ ಕೋಪ ಬರುತ್ತಿತ್ತು. ದಾಖಲಾತಿ ಆಂದೋಲನ ಅಂತ ಮನೆಮನೆಗೆ ಹೋದರೆ ಕಾಫಿ ಕೊಟ್ಟು, ಕೂರಿಸಿ, ನಗುತ್ತಾ ಅದೇ ಪ್ರಶ್ನೆ ಕೇಳುತ್ತಿದ್ದರು. ಟೌನಿನಲ್ಲಿ ಓದ್ತಾಳೆ ಅನ್ನುತ್ತಿದ್ದೆ. ಟೌನಿನಲ್ಲಿ ಎಲ್ಲಿ ಅಂದರೆ ಕಾನ್ವೆಂಟಲ್ಲಿ ಅನ್ನಬೇಕಾಗುತ್ತಿತ್ತು. ಆಮೇಲೆ ಕಾಫಿ ಕುಡಿದು ಎದ್ದು ಬರುವುದೇ ಕೆಲಸ. ಈಚೆಗೆ ಕೋಪವೂ ಬರುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಜಾಸ್ತಿಯಾಯಿತು ಎನ್ನುವುದಷ್ಟೇ ಗೊತ್ತಾಗುತ್ತಿತ್ತು.

ಜೂನ್ ಎರಡನೇ ವಾರ ಎಸ್‌ಡಿಎಂಸಿ ಸಭೆ ಕರೆದಿದ್ದೆ. ಶಾಲೆಯ ಉಸ್ತುವಾರಿಗೆ ಊರಿನವರದೇ ಒಂದು ಸಮಿತಿ ಇದೆ; ತೆಂಗಿನಕಾಯಿ ವ್ಯಾಪಾರದ ಪಾಲಾಕ್ಷ ಅದರ ಅಧ್ಯಕ್ಷರು. ಅವರ ಮೊಮ್ಮಗನೇ ಹಳದಿ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಾನೆ. ಶಾಲೆ ಮುಚ್ಚುವ ಮಾತು ತೆಗೆದ ತಕ್ಷಣ ಅವರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು.

"ಮೇಡಂ, ಒಂದ್ ಮಾತು ಏಳ್ತೀನಿ, ತೆಪ್ಪು ತಿಳ್ಕಬ್ಯಾಡಿ. ನಿಮ್ ಮಗೀನ ತಂದು ಇಲ್ಗೆ ಸೇರ್ಸಿ. ಒಂದ್ ವಾರದಲ್ಲಿ ಎಂಟು ಮಕ್ಳನ್ನ ವ್ಯಾನಿಂದ ಇಳ್ಸಿ ತಂದು ಕೂರುಸ್ತೀನಿ. ನಮ್ ಮೊಮ್ಮಗನೇ ಮೊದುಲ್ನೇನು."

ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ಸೇರಿಸುವುದಿಲ್ಲ ಎನ್ನುವುದು ಅವರಿಗೆ ಗ್ಯಾರಂಟಿ ಇತ್ತು. ಅದಕ್ಕೇ ಇರಬೇಕು, ನಾನು ಆಯಿತು ಅಂದುಬಿಟ್ಟೆ.

ನನ್ನ ಗಂಡ ಗೌರೀಶ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. "ಮಗು ಮೇಲೆ ಪ್ರಯೋಗ ಮಾಡ್ತೀಯ?" ಎಂದು ಒಂದೇ ಸಲ ಕೇಳಿದರು. ಆಮೇಲೆ ನಿನ್ನಿಷ್ಟ ಅಂದರು. ನಮ್ಮ ಮನೆಯಲ್ಲಿ ನಿನ್ನಿಷ್ಟ ಅಂದರೆ ಜಗಳ ಮುಗಿದಿಲ್ಲ, ಮುಂದಕ್ಕೆ ಹೋಗಿದೆ ಅಂತ ಅರ್ಥ.

ಒಂಬತ್ತು ವರ್ಷದ ಮಗಳು ನಿಧಿ ಕಾನ್ವೆಂಟಿನಲ್ಲಿ ಮೂರನೇ ತರಗತಿ ಮುಗಿಸಿದ್ದಳು, ಅದೂ ಕ್ಲಾಸಿಗೇ ಫಸ್ಟ್ ಬಂದು. ಬಿಡಿಸುವುದು ಯಾಕೆ ಎಂದು ಅಲ್ಲಿಯ ಮುಖ್ಯಸ್ಥರು ಎರಡು ಸಲ ಕೇಳಿದರು. ಮಾರನೇ ದಿನದಿಂದ ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಂದೆ. ಶಾಲೆಯಲ್ಲಿ ಅಮ್ಮ ಅನ್ನಬಾರದು, ಮಿಸ್ ಅನ್ನಬೇಕು ಎಂದು ದಾರಿಯಲ್ಲೇ ಹೇಳಿಕೊಟ್ಟೆ. ಅವಳು ಹೂಂ ಅಂದಳು. ಯಾವುದಕ್ಕೂ ಹಟ ಮಾಡದ ಮಗು ಅದು. ಹಟ ಮಾಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾಲ್ಕನೇ ತರಗತಿಯಲ್ಲಿ ಅದುವರೆಗೆ ಇದ್ದದ್ದು ಒಬ್ಬಳೇ, ತಮ್ಮಯ್ಯನ ಮಗಳು ತೇಜಶ್ರೀ. ತಮ್ಮಯ್ಯ ಕೂಲಿ ಕೆಲಸದವನು. ಹೊಗೆಸೊಪ್ಪಿನ ಕಾಲದಲ್ಲಿ ರಾಮನಾಥಪುರದ ಕಡೆ ಎಲೆ ಬೇಯಿಸುವ ಬ್ಯಾರನ್ನಿಗೆ ಹೋಗುತ್ತಾನೆ, ಮಿಕ್ಕಂತೆ ಗದ್ದೆ ಕೆಲಸ. ಅವನ ಮನೆಯ ನಡುಗೋಡೆಯಲ್ಲಿ ಬುದ್ಧನ ಫೋಟೋ, ಅಂಬೇಡ್ಕರ್ ಫೋಟೋ ಪಕ್ಕಪಕ್ಕ ಇವೆ. ಅವುಗಳ ಕೆಳಗಿನ ಮೊಳೆಗೆ ಮಗಳ ಸ್ಕೂಲ್ ಬ್ಯಾಗು ತೂಗುಹಾಕುತ್ತಾರೆ. ತೇಜಶ್ರೀ ಮೂರು ವರ್ಷದಿಂದ ತರಗತಿಗೆ ಫಸ್ಟ್. ತರಗತಿಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ನನ್ನ ಲೆಕ್ಕಕ್ಕೂ ಅಷ್ಟಕ್ಕಷ್ಟೇ.

ಇಬ್ಬರೂ ಒಂದೇ ಚಾಪೆಯಲ್ಲಿ ಕೂತರು. ಮೊದಲ ದಿನ ನಿಧಿ ಬಿಸಿಯೂಟದ ಸಾಂಬಾರು ಮುಟ್ಟಲಿಲ್ಲ. ನಾಲ್ಕನೇ ದಿನ ತೇಜಶ್ರೀಯ ಜೊತೆ ತಟ್ಟೆ ತೊಳೆಯಲು ನಲ್ಲಿಗೆ ಓಡುತ್ತಿದ್ದಳು. ಶಾಲೆಯಲ್ಲಿ ಹತ್ತು ಮಕ್ಕಳಾದರು. ಇನ್ನು ವ್ಯಾನಿನಿಂದ ಇಳಿಯುವವರು ಇಳಿಯಲಿ ಎಂದು ಕಾದೆ.

ಒಂದು ವಾರ ಕಳೆಯಿತು, ಮೂರು ವಾರ ಕಳೆಯಿತು. ವ್ಯಾನು ದಿನಾ ಒಂಬತ್ತೂಕಾಲಿಗೆ ಶಾಲೆಯ ಮುಂದೆಯೇ ಹೋಗುತ್ತಿತ್ತು. ಪಾಲಾಕ್ಷರ ಮೊಮ್ಮಗ ಕಿಟಕಿಯಿಂದ ನಿಧಿಗೆ ಕೈ ಬೀಸುತ್ತಿದ್ದ. ಊರಿನವರು ಏನು ಮಾತಾಡಿಕೊಳ್ಳುತ್ತಿದ್ದಾರೆ ಎಂದು ಕೊನೆಗೆ ಬಿಸಿಯೂಟದ ಅಡುಗೆಯವಳು ಹೇಳಿದಳು. ಮಿಸ್ಸಿನ ಮಗಳು ದಡ್ಡಿ. ಓದು ತಲೆಗೆ ಹತ್ತದೆ ಕಾನ್ವೆಂಟಿನವರೇ ಟಿ.ಸಿ. ಕೊಟ್ಟು ಕಳಿಸಿದ್ದಾರೆ. ಇಲ್ಲದಿದ್ದರೆ ಯಾವ ತಾಯಿ ತನ್ನ ಮಗುವನ್ನು ಇಲ್ಲಿಗೆ ತಂದು ಹಾಕುತ್ತಾಳೆ?

ಮಾರನೇ ದಿನ ನಿಧಿಯ ಹಳೆಯ ಅಂಕಪಟ್ಟಿ ತೆಗೆದುಕೊಂಡು ಪಾಲಾಕ್ಷರ ಮಂಡಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು.

"ಎಲ್ಲಾ ಎ ಪ್ಲಸ್ ಐತೆ."

"ಹೌದು."

"ಇಷ್ಟು ಜಾಣೆ ಆಗಿದ್ರೆ ಯಾಕ್ ಬುಡುಸ್ತಿದ್ರಿ, ಏಳಿ ಮತ್ತೆ?"

"ನೀವೇ ಹೇಳಿದ್ರಲ್ಲ, ಪಾಲಾಕ್ಷಪ್ಪೋರೆ."

"ನಾನೇನೋ ಏಳ್ದೆ. ನೀವು ಸೇರುಸ್ತೀರ ಅಂತ ಯಾರ್ ಅಂದ್ಕಂಡಿದ್ರು?" ಅವರಿಗೆ ನಿಜಕ್ಕೂ ಮುಜುಗರವಾಗಿತ್ತು. "ಜನ ಅಂಗಂತಾವ್ರೆ. ನಾನ್ ಏನ್ ಮಾಡ್ಲಿ? ಒಂದ್ ಕೆಲ್ಸ ಮಾಡುವ. ಇಬ್ರು ಎಣ್ಮಕ್ಳನ್ನೂ ಕೂರ್ಸಿ ಎಲ್ರ ಮುಂದೆ ಒಂದು ಪರೀಕ್ಷೆ ಮಾಡ್ಬುಡಿ. ಗೊತ್ತಾಯ್ತದೆ."

ಏನು ಗೊತ್ತಾಗುತ್ತದೆ ಎಂದು ನಾನು ಕೇಳಬೇಕಿತ್ತು. ಕೇಳದೆ ಒಪ್ಪಿಕೊಂಡೆ. ಈ ಶಾಲೆಯಲ್ಲಿ ಹನ್ನೊಂದು ವರ್ಷ ಏನು ಮಾಡಿದ್ದೇನೆ ಎನ್ನುವುದನ್ನು ತೋರಿಸುವ ಆಸೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿ, ಬೂಂದಿ ಹಂಚಿದ ಮೇಲೆ ಪರೀಕ್ಷೆ. ಪ್ರಶ್ನೆಪತ್ರಿಕೆ ನಾನು ಮಾಡಲಿಲ್ಲ, ಅರಕಲಗೂಡಿನಲ್ಲಿರುವ ನನ್ನ ಗೆಳತಿಯೊಬ್ಬಳಿಂದ ಮಾಡಿಸಿ ಮುಚ್ಚಿದ ಕವರಿನಲ್ಲಿ ತರಿಸಿದ್ದೆ. ತಿದ್ದುವುದೂ ಅವಳೇ ಎಂದು ಮೊದಲೇ ಹೇಳಿದ್ದೆ. ಪಾಲಾಕ್ಷರು ಕುರ್ಚಿ ಹಾಕಿಕೊಂಡು ಕಾವಲು ಕೂತರು. ಕಿಟಕಿ ಹೊರಗೆ ಹದಿನೈದಿಪ್ಪತ್ತು ಜನ. ಹುಡುಗಿಯರಿಬ್ಬರೂ ಬೆನ್ನು ಬಗ್ಗಿಸಿ ಒಂದೂವರೆ ಗಂಟೆ ಬರೆದರು. ನಾನು ಅಂಗಳದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಡುಗೆಯವಳ ಪಕ್ಕ ಕೂತು ನಾನೂ ಬಿಡಿಸಿದೆ.

ಎರಡು ದಿನದಲ್ಲಿ ಅಂಕ ಬಂತು. ನಲವತ್ತಕ್ಕೆ ತೇಜಶ್ರೀಗೆ ಮೂವತ್ತೇಳು, ನಿಧಿಗೆ ಮೂವತ್ತೊಂದು. ಇಂಗ್ಲಿಷಿನಲ್ಲಿ ಇಬ್ಬರೂ ಸಮ. ಕನ್ನಡದಲ್ಲಿ ತೇಜಶ್ರೀ ಎರಡು ಅಂಕ ಮುಂದೆ. ಗಣಿತದಲ್ಲಿ ನಿಧಿ ಮಗ್ಗಿ, ಗುಣಾಕಾರ ಎಲ್ಲ ತಪ್ಪಿಲ್ಲದೆ ಮಾಡಿ, ಯೋಚಿಸಬೇಕಾದ ಲೆಕ್ಕ ಬಂದ ಕಡೆ ಖಾಲಿ ಬಿಟ್ಟಿದ್ದಳು. ತೇಜಶ್ರೀ ಅವನ್ನೇ ಮೊದಲು ಮಾಡಿದ್ದಳು.

ಆ ಕಾಗದ ಹಿಡಿದು ನಿಂತಾಗ ನನಗೆ ಖುಷಿಯಾಯಿತು. ಎಷ್ಟೋ ವರ್ಷದ ಮೇಲೆ ಆದ ಖುಷಿ. ಕಾನ್ವೆಂಟಿನ ಫಸ್ಟಿಗಿಂತ ನನ್ನ ಶಾಲೆಯ ಕೂಲಿಯವನ ಮಗಳು ಮುಂದಿದ್ದಾಳೆ. ಇದಕ್ಕಿಂತ ಪುರಾವೆ ಇನ್ನೇನು ಬೇಕು? ಸೋತದ್ದು ನನ್ನ ಮಗಳೇ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಸಂಜೆ ಸಭೆಯಲ್ಲಿ ಅಂಕ ಓದಿದೆ. ನಿಧಿ ಬ್ಯಾಗು ಹಾಕಿಕೊಂಡು ಬಾಗಿಲ ಹತ್ತಿರ ಕಾಯುತ್ತಿದ್ದಳು. ಪಾಲಾಕ್ಷರು ಮೆತ್ತಗೆ ಶುರುಮಾಡಿದರು. ಅವರ ದನಿಯಲ್ಲಿ ಕುಹಕವೇನೂ ಇರಲಿಲ್ಲ, ಸಾವಿನ ಮನೆಗೆ ಬಂದವರ ಹಾಗೆ ಮಾತಾಡಿದರು.

"ಓಗ್ಲಿ ಬುಡಿ ಮೇಡಂ. ಎಲ್ಲಾ ಮಕ್ಳೂ ಒಂದೇ ಥರ ಇರಾಕಿಲ್ಲ. ತಮ್ಮಯ್ಯನ ಮಗಳ ಮುಂದೇನೇ ಗೆಲ್ಲಾಕಾಗ್ನಿಲ್ಲ ಅಂದ್ಮೇಲೆ ಪಾಪ, ಮಗೀಗೆ ಓದು ಅತ್ತಾಕಿಲ್ಲ. ನಾವ್ ಅಂದ್ಕಂಡಿದ್ದೇ ಆಯ್ತು."

ತೇಜಶ್ರೀ ಇಲ್ಲೇ, ಈ ಶಾಲೆಯಲ್ಲೇ ಕಲಿತದ್ದು ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಅದು ಹುಟ್ಟಿದಾಗಿನಿಂದ ಚುರುಕು, ಶಾಲೆ ಏನು ಮಾಡುತ್ತೆ ಅಂದರು. ನಿಧಿ ಗೆದ್ದಿದ್ದರೆ ಕಾನ್ವೆಂಟಿನ ಓದು ಅಂದರೆ ಹಿಂಗೆ ನೋಡಿ ಅನ್ನುತ್ತಿದ್ದರು. ಈ ಪರೀಕ್ಷೆಯಲ್ಲಿ ನಾನು ಪಾಸಾಗುವ ದಾರಿಯೇ ಇರಲಿಲ್ಲ. ಒಪ್ಪಿಕೊಂಡ ದಿನವೇ ಇದು ಹೊಳೆಯಬೇಕಿತ್ತು.

ಸ್ಕೂಟಿಯಲ್ಲಿ ಹೋಗುವಾಗ ನಿಧಿ ನನ್ನ ಸೊಂಟ ಹಿಡಿದು ಕೂತಿದ್ದಳು. ಹೇಮಾವತಿ ಸೇತುವೆ ದಾಟಿದ ಮೇಲೆ ಕೇಳಿದಳು. "ಅಮ್ಮ, ನಾನು ದಡ್ಡಿನಾ?"

"ಅಲ್ಲ."

"ಹಾಗಾದ್ರೆ ಅವರು ಯಾಕೆ ಪಾಪ ಅಂದ್ರು?"

ಗಾಳಿಗೆ ಕೇಳಿಸಲಿಲ್ಲ ಎನ್ನುವ ಹಾಗೆ ಗಾಡಿ ಓಡಿಸಿದೆ.

ಸೆಪ್ಟೆಂಬರ್ ಹದಿನೆಂಟರಂದು ಮಧ್ಯಾಹ್ನ ತಮ್ಮಯ್ಯ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ಅದನ್ನು ಮೇಜಿನ ಮೇಲಿಟ್ಟು, ಕೂತ್ಕೊ ಅಂದರೂ ನಿಂತೇ ಇದ್ದ.

"ಮೇಡಮ್ಮೋರೆ, ಪಾಪೂದು ಟಿ.ಸಿ. ಬೇಕಿತ್ತು."

ಯಾಕೆ ಎಂದೆ.

"ಕಾನ್ವೆಂಟ್ನೋರೇ ಏಳಿ ಕಳ್ಸವ್ರೆ. ಅವ್ರ್ ಸ್ಕೂಲ್ ಫಸ್ಟ್ನೇ ಇಂದಕ್ಕಾಕಿದ್ ಮಗು ಅಂದ್ರೆ ಅರ್ಧ ಫೀಸಿಗೇ ಸೇರುಸ್ಕತೀವಿ ಅಂದ್ರು." ಅವನ ಮುಖದಲ್ಲಿ ಹೆಮ್ಮೆ ತುಂಬಿತ್ತು. "ಇಷ್ಟ್ ದಿನ ಒಬ್ಳೇ ಇದ್ಲು. ಒಬ್ಳೇ ಇದ್ದು ಫಸ್ಟ್ ಬಂದ್ರೆ ನಮ್ಗೇನ್ ಗೊತ್ತಾಯ್ತದೆ? ನೀವು ನಿಮ್ ಮಗೀನ ತಂದು ಪಕ್ಕದಲ್ಲಿ ಕೂರುಸ್ದಾಗ್ಲೇ ಕಣಮ್ಮ ನಮ್ ಮಗು ಏನು ಅಂತ ಗೊತ್ತಾಗಿದ್ದು. ನಿಮ್ ಉಪ್ಕಾರ ಮರೆಯಾಕಿಲ್ಲ."

ತೇಜಶ್ರೀ ಹೋದರೆ ಒಂಬತ್ತು. ಮೂವತ್ತನೇ ತಾರೀಕಿಗೆ ಇನ್ನು ಹನ್ನೆರಡು ದಿನ. ಆನ್‌ಲೈನ್ ಕೆಲಸ ಮಾಡ್ತಿಲ್ಲ, ಮುಂದಿನ ತಿಂಗಳು ಬಾ ಎಂದರೆ ಸಾಕಾಗಿತ್ತು. ತಮ್ಮಯ್ಯ ನಂಬಿ, ಕೈ ಮುಗಿದು ಹೋಗುತ್ತಿದ್ದ. ಆ ಮಾತು ನನ್ನ ಬಾಯಿಗೆ ಬಂದಿತ್ತು ಕೂಡ. ಅದರ ಬದಲು ಬೇರೆ ಹೇಳಿದೆ.

"ತಮ್ಮಯ್ಯ, ಅವಳು ಇಷ್ಟು ಕಲಿತದ್ದು ಇಲ್ಲಿ. ಇಲ್ಲೇ ಇರಲಿ. ಅಲ್ಲಿ ಇದಕ್ಕಿಂತ ಚೆನ್ನಾಗಿ ಏನೂ ಹೇಳಿಕೊಡಲ್ಲ. ನನ್ನ ಮಗಳನ್ನೇ ನೋಡಿದೆಯಲ್ಲ."

ಮನಸ್ಸು ನೋಯಿಸಬಾರದು ಎನ್ನುವವನ ದನಿಯಲ್ಲೇ ಅವನು ಕೇಳಿದ.

"ಅಂಗಲ್ಲ ಮೇಡಮ್ಮೋರೆ. ನಿಮ್ ಮಗಳು ಜಾಣೆ ಅಂತ ನಿಮ್ಗೆ ಅನ್ಸಿದ್ದಾಗ ನೀವೂ ಅಲ್ಗೇ ತಾನೆ ಕಳ್ಸಿದ್ದು?"

ನಾನು ಟಿ.ಸಿ. ಬರೆದೆ. ಶಾಲೆ ಬಿಡಲು ಕಾರಣ ಎಂಬ ಕಡೆ 'ಪೋಷಕರ ಇಚ್ಛೆ' ಎಂದು ತುಂಬಿದೆ. ಸೀಲು ಹಾಕಿ ಸಹಿ ಮಾಡಿದೆ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ತಮ್ಮಯ್ಯ ಅದನ್ನು ಮಡಿಸದೆ, ಅಂಗೈ ಮೇಲೆ ಹಪ್ಪಳದ ಹಾಗೆ ಹಿಡಿದುಕೊಂಡು ಹೊರಟ. ತೇಜಶ್ರೀ ಬ್ಯಾಗು ಏರಿಸಿಕೊಂಡು, ನನ್ನ ಕಾಲು ಮುಟ್ಟಿ, ಅಪ್ಪನ ಹಿಂದೆ ಹೋದಳು. ಗೇಟಿನವರೆಗೆ ಹೋಗಿ ಒಂದು ಸಲ ತಿರುಗಿ ನೋಡಿದಳು. ಅವಳು ಹುಡುಕಿದ್ದು ನಿಧಿಯನ್ನು.

ಒಳಗೆ ಚಿಕ್ಕವರು ಒಂದು ಕಡೆ ಗಲಾಟೆ ಮಾಡುತ್ತಿದ್ದರು. ನಾಲ್ಕನೇ ತರಗತಿಯ ಚಾಪೆಯ ಒಂದು ತುದಿಯಲ್ಲಿ ನಿಧಿ ಕೂತಿದ್ದಳು. ನಾನು ಬೋರ್ಡಿನ ಮೇಲೆ ಭಾಗಾಕಾರದ ಲೆಕ್ಕ ಬರೆಯತೊಡಗಿದೆ.

"ಮಿಸ್," ಅಂದಳು. "ತೇಜು ಇನ್ಮೇಲೆ ನಮ್ಮ ಸ್ಕೂಲಿಗೆ ಹೋಗ್ತಾಳಾ?"

ಅವಳ ಬಾಯಲ್ಲಿ ನಮ್ಮ ಸ್ಕೂಲು ಅಂದರೆ ಇನ್ನೂ ಕಾನ್ವೆಂಟೇ. ಹೌದು ಅಂದೆ.

"ಮತ್ತೆ ನಾನು?"

"ನೀನು ಇಲ್ಲೇ."

ಅವಳು ಪಕ್ಕದ ಖಾಲಿ ಜಾಗ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಹಾಗಾದ್ರೆ ಈಗ ನಾನೇ ಫಸ್ಟಾ ಮಿಸ್?"

ಹೌದು ಅಂದೆ. ಅವಳು ನಗಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಬರೆದುಕೊಳ್ಳತೊಡಗಿದಳು.