ಬೋರಲು ಹಾಕಿದ ಎರಡು ಲೋಟ

ಬಸ್ಸಿನಲ್ಲಿ ಮುಂದಿನ ಸೀಟಿನವನ ಕಿವಿಯ ಹಿಂದೆ ಕ್ಷೌರದ ಸೋಪು ಒಣಗಿ ಬೆಳ್ಳಗೆ ಅಂಟಿಕೊಂಡಿದೆ, ಮನೆಯಲ್ಲಿ ಯಾರಾದರೂ ಹೇಳಬಾರದಿತ್ತೇ ಪಾಪ, ಒದ್ದೆ ಬಟ್ಟೆ ಸಿಕ್ಕಿದರೆ ಒರೆಸಿಬಿಡಬಹುದು ಅಂದುಕೊಂಡಳು ವೇದವತಿ, ಅಂದುಕೊಂಡ ಕೂಡಲೇ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು — ಒರೆಸೋದು ಬಿಟ್ಟರೆ ಈ ಕೈಗೆ ಇನ್ನೇನು ಗೊತ್ತು — ಅವನು ಪಕ್ಕದವನಿಗೆ ಮೊಬೈಲು ಹಿಡಿದು ತೋರಿಸುತ್ತಿದ್ದಾನೆ, ನೋಡ್ಲಾ ಇಲ್ಲಿ, ಒಳೇನರಸೀಪುರದ ಜೋಯಿಸ್ರು ಕೊಲೆ, ಎರಡು ಲೋಟ ತೊಳ್ದು ಬೋರಲಾಕವ್ರೆ ಕಣ್ಲಾ, ನೆಲಾನೂ ಸಾರ್ಸವ್ರೆ, ಕೊಂದ್ಬುಟ್ಟು ನಿಂತ್ಕಂಡು ಲೋಟ ತೊಳ್ಯೋ ಗಂಡಸು ಎಲ್ಲವ್ನೆ, ಎಂಗಸೇ ಕಣ, ಆ ಮನೇಲಿ ಪಾತ್ರೆ ತಿಕ್ತಿದ್ದೋಳು ಯಾರು ಅಂತ ಕೇಳು ಸಾಕು. ಜೋಯಿಸರಂತೆ. ಅವಳಿಗೆ ಅವನು ತಿರು, ತಮ್ಮ ತಿರುನಾರಾಯಣ, ಮೊನ್ನೆ ಮೊನ್ನೆ ತಾನೇ ತನ್ನ ಕೈಯಲ್ಲಿ ಜುಟ್ಟು ಕಟ್ಟಿಸಿಕೊಂಡು ಸ್ಕೂಲಿಗೆ ಬರುತ್ತಿದ್ದವನು, ಸತ್ತು ನಲವತ್ತಮೂರು ದಿನವಾಯಿತು, ಕಣ್ಣಿಂದ ಒಂದು ಹನಿ ಬಂದಿಲ್ಲ, ಕಲ್ಲಾಗಿಬಿಟ್ಟೆಯಲ್ಲೇ ವೇದಾ ಎಂದು ಪಕ್ಕದ ಮನೆಯ ಅನಸೂಯಮ್ಮ ಬೈದರೂ ಬರಲಿಲ್ಲ. ಎಂಜಲು ಒಂದ್ ತೊಟ್ಟು ಉಳ್ದಿದ್ರೆ ಸಾಕಿತ್ತಂತೆ, ಡಿಎನ್‌ಎ ಸಿಕ್ಬುಡದು, ಆವತ್ತೇ ಇಡ್ಕಬೌದಿತ್ತು, ಚೆನ್ನಾಗ್ ತೊಳ್ದವ್ಳೆ ಮುಂಡೆ. ಹೌದು, ಚೆನ್ನಾಗಿಯೇ ತೊಳೆದಳು.

ಆವತ್ತು ಬೆಳಿಗ್ಗೆ ಆರಕ್ಕೆ ಹಿತ್ತಿಲ ಬಾಗಿಲ ಬೀಗ ತೆಗೆದು ಒಳಗೆ ಬಂದಳು, ದಿನಾ ಬರುವ ಹಾಗೆ, ಅವನ ಪೂಜೆಗೆ ಹೂವು ಇಟ್ಟು ಕಾಫಿ ಕಾಸಿಕೊಟ್ಟು ಹೋಗುವುದಕ್ಕೆ, ನಡುಮನೆಯಲ್ಲಿ ಎರಡು ಲೋಟ, ರಾತ್ರಿಯ ಎಂಜಲು ಲೋಟ ಬೆಳಗಿನವರೆಗೂ ಹಾಗೇ, ಅಯ್ಯೋ ಇವನ ಬುದ್ಧಿಗೆ ಏನು ಹೇಳೋಣ, ಜಾತಕ ತೋರಿಸೋಕೆ ಬಂದ ಯಾರಿಗೋ ಕಾಫಿ ಕೊಟ್ಟಿದ್ದಾನೆ, ಕೊಡಲಿ, ಲೋಟ ಎತ್ತಿ ಬಚ್ಚಲಿಗೆ ಹಾಕೋಕೆ ಇವನಿಗೇನು ಬಂತು ದೊಡ್ಡರೋಗ, ಬೈದುಕೊಂಡೇ ಎತ್ತಿದಳು, ತೊಳೆದಳು, ಹಲಗೆಯ ಮೇಲೆ ಬೋರಲು ಹಾಕಿದಳು, ಲೋಟ ಇಟ್ಟಿದ್ದ ಜಾಗಕ್ಕೆ ನೀರು ಚಿಮುಕಿಸಿ ಸಾರಿಸಿದಳು, ಕೈ ತೊಳೆದಳು, ಆಮೇಲೆ ತಾನೇ — ತಿರು, ಎದ್ದಿದ್ದೀಯೇನೋ — ಆಮೇಲೆ ತಾನೇ ಕೋಣೆಯ ಬಾಗಿಲು ತಳ್ಳಿದ್ದು, ಪಂಚಾಂಗದ ಮೇಲೆ ಕೆನ್ನೆಯಿಟ್ಟು ಬಿದ್ದಿದ್ದ, ತಲೆಯ ಹಿಂಭಾಗ ಒಡೆದಿತ್ತು. ಏನಾದರೂ ಮುಟ್ಟಿದಿರಾ ಅಮ್ಮಾ ಎಂದರು ಪೊಲೀಸರು. ಇಲ್ಲ ಎಂದಳು. ಸುಳ್ಳಲ್ಲ, ದೇವರಾಣೆ ಸುಳ್ಳಲ್ಲ, ಅರವತ್ತು ವರ್ಷದಿಂದ ಎಂಜಲು ತೊಳೆಯುತ್ತಿರುವವಳಿಗೆ ಅದೂ ಒಂದು ಮುಟ್ಟೋದು ಅಂತ ಹೊಳೆಯುತ್ತದೆಯೇ, ಹೊಳೆದದ್ದು ಐದನೆಯ ದಿನ, ಟೀವಿಯಲ್ಲಿ ಆ ಎರಡು ಲೋಟದ ಸುತ್ತ ಕೆಂಪು ಗೆರೆ ಎಳೆದು ತೋರಿಸಿದಾಗ, ಅಷ್ಟು ಹೊತ್ತಿಗೆ ಪಾತ್ರೆ ತಿಕ್ಕುವ ಆಶಾರಾಣಿಯನ್ನು ಎರಡು ಸಲ ಸ್ಟೇಷನ್ನಿಗೆ ಕರೆಸಿದ್ದರು. ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡಳು, ನಾಳೆಗಳು ಹಾಗೇ ಹೋದವು, ಇವತ್ತು ಹಾಸನದ ಪೊಲೀಸ್ ಆಫೀಸಿಗೆ ಅವಳನ್ನೇ ಕರೆಸಿದ್ದರು.

ಮೊಸಳೆಹೊಸಹಳ್ಳಿಯಲ್ಲಿ ಬಸ್ಸು ನಿಂತಿತು, ಜನ ಸರಿದಾಗ ಕಂಬಿ ಹಿಡಿದು ನಿಂತಿದ್ದ ಆಶಾರಾಣಿಯ ಮುಖ ಕಂಡಿತು — ಇದೇ ಬಸ್ಸಿನಲ್ಲೇ, ಇವರು ಆಡಿದ್ದೆಲ್ಲ ಕೇಳಿಸಿಕೊಂಡೇ ನಿಂತಿದ್ದಳು. ಬಾರೇ, ಕೂತುಕೋ. ಕೂತಳು, ಸೀಟಿನ ತುದಿಯಲ್ಲಿ. ನನ್ನೂ ಕರ್ಸವ್ರೆ ಅಮ್ಮಾವ್ರೇ, ಆಸನಕ್ಕೇ ಬಾ ಅಂದವ್ರೆ, ಏಳು ಗಂಟೆಗೆ ನಾ ಬಂದಾಗ ನೀವೇ ಬಾಗ್ಲಲ್ಲಿ ಕೂತಿದ್ರಲ್ಲ, ಅದ್ನ ಯೋಳುದ್ರೆ ನೀ ಮೊದ್ಲೇ ಬಂದೋಗಿದ್ದೆ ಅಂತಾರೆ, ಅಳ್ಳಿಮೈಸೂರಲ್ಲಿ ಮಗಳ ಸಂಬಂಧ ಮುರ್ದೋಯ್ತು, ಕೊಲೆಗಾತಿ ಮನೆ ಎಣ್ಣು ಬ್ಯಾಡ ಅಂದ್ರಂತೆ, ಲೋಟ ನಾ ತೊಳ್ದಿಲ್ಲ ಅಂತ ನೀವಾರ ಒಂದ್ ಮಾತು ಯೋಳಿ ಅಮ್ಮಾವ್ರೇ. ವೇದವತಿ ನೀರಿನ ಬಾಟಲಿ ಕೊಟ್ಟಳು. ಹನ್ನೊಂದು ವರ್ಷ ಆ ಮನೆಯ ಹಿತ್ತಿಲಲ್ಲಿ ಕುಡಿದ ಹಾಗೆ, ತುಟಿಗೆ ತಾಕಿಸದೆ, ತಲೆಯೆತ್ತಿ ನೀರು ಸುರಿದುಕೊಂಡಳು ಆಶಾರಾಣಿ, ಬಾಟಲಿಯ ಬಾಯಿ ಹೇಗಿತ್ತೋ ಹಾಗೇ ವಾಪಸು ಬಂತು, ಒಂದು ಗುರುತಿಲ್ಲ. ಆದರೆ ಆ ಲೋಟ — ಎರಡರಲ್ಲಿ ಒಂದು ಲೋಟ —

ಹಾಸನ ಬಂತು, ಇಳಿದರು, ಪೊಲೀಸ್ ಆಫೀಸಿನ ಬೆಂಚಿನಲ್ಲಿ ಜೊತೆಯಲ್ಲೇ ಕೂತರು, ಮೊದಲು ಆಶಾರಾಣಿಯ ಹೆಸರನ್ನು ಕೂಗಿದರು, ಎದ್ದದ್ದು ಮಾತ್ರ ವೇದವತಿ, ಕಾಲು ತಾನೇ ಎದ್ದಿತು, ನೀವಲ್ಲಮ್ಮ ಎಂದ ಪೇದೆಯನ್ನು ದಾಟಿ ಮೇಜಿನ ಮುಂದೆ ನಿಂತು ಲೋಟ ತೊಳೆದದ್ದು ನಾನು ಎಂದಳು, ನೆಲ ಸಾರಿಸಿದ್ದೂ ನಾನೇ, ಅವಳನ್ನು ಮನೆಗೆ ಕಳಿಸಿ. ಸ್ಕೂಲಿನಲ್ಲಿ ಹಾಜರಿ ಕೂಗುವ ಹಾಗೆ ಬಂತು ದನಿ. ಅಧಿಕಾರಿ ಪೆನ್ನು ಕೆಳಗಿಟ್ಟರು. ತೊಳೆಯೋ ಮುಂಚೆ ಆ ಲೋಟದ ಮೇಲೆ ಏನಾದ್ರೂ ನೋಡಿದ್ರಾ ಅಮ್ಮಾ, ನೆನಪು ಮಾಡ್ಕೊಂಡು ಹೇಳಿ. ನೆನಪು ಮಾಡಿಕೊಳ್ಳಬೇಕೇ, ಇವತ್ತಿನವರೆಗೆ ಮರೆತದ್ದು ಯಾವಾಗ, ನಮ್ಮ ಮನೆ ಲೋಟವನ್ನು ಕಚ್ಚಿ ಕುಡಿದದ್ದು ಯಾರು ಅಂತ ಆವತ್ತು ಎಷ್ಟು ಸಿಟ್ಟು ಬಂತು, ಕಂಠದ ಮೇಲೆ ಕೆಳತುಟಿಯಷ್ಟಗಲ ಎಲೆಯಡಿಕೆಯ ಕೆಂಪು, ಬೆರಳಲ್ಲಿ ಉಜ್ಜಿದರೆ ಹೋಗಲಿಲ್ಲ, ಪಾತ್ರೆ ಪುಡಿ ಹಾಕಿ ನಾರಿನಲ್ಲಿ ಉಜ್ಜಿದಳು, ಬೆಳಕಿಗೆ ಹಿಡಿದು ನೋಡಿದಳು, ಇನ್ನೂ ಒಂದು ಎಳೆ ಉಳಿದಿತ್ತು, ಇನ್ನೊಂದು ಸಲ ಉಜ್ಜಿದಳು, ತಿರು ಗೋಡೆಯ ಆಚೆಗೇ ಬಿದ್ದಿದ್ದ, ಉಜ್ಜಿದಳು, ಕೆಂಪು, ಲೋಟದ ಕಂಠದ ಮೇಲೆ ಒಂದು ತುಟಿಯ ಕೆಂಪು, ತನ್ನದೇ ಹೆಬ್ಬೆರಳು ಅದರ ಮೇಲೆ —